ವರ್ನರ್ ಹೆಸರಿನ ಹಲ್ವಾ

ಗಿಲ್‌ರಾಯ್‌ನಿಂದ ಪಾಲೋ ಆಲ್ಟೋವರೆಗೆ ಫ್ರೀವೇಯಲ್ಲಿ ಅಬ್ಬಾ ಒಂದು ಮಾತೂ ಆಡಲಿಲ್ಲ. ತೊಡೆಯ ಮೇಲೆ ರವೆ ಹಲ್ವಾದ ಡಬ್ಬಿ. ದಾರಿಯುದ್ದಕ್ಕೂ ನನ್ನ ಡ್ರೈವಿಂಗಿನಲ್ಲಿ ತಪ್ಪು ಹುಡುಕುವ ಮನುಷ್ಯ ಇವತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹೆದರಿದ್ದಾರೆ ಎಂದು ಗೊತ್ತಾಯಿತು.

ನಾನು ಫಿಸಿಯೋಥೆರಪಿಸ್ಟ್. ಮಂಡಿನೋವಿಗೆ ನನ್ನಲ್ಲಿ ಬರುವ ಜರ್ಮನ್ ಅಜ್ಜಿ ಹೆಲ್ಗಾ ಒಮ್ಮೆ ತನ್ನ ತಂದೆಯ ಹೆಸರು ಹೇಳಿದ್ದರು. ವರ್ನರ್ ಹೋಲ್ಟ್ಸ್, ಎರಡನೇ ಮಹಾಯುದ್ಧದಲ್ಲಿ ಲಿಬಿಯಾದ ಮರುಭೂಮಿಯ ಮೇಲೆ ವಿಮಾನ ಹಾರಿಸಿದವರು. ನನ್ನ ಕೈ ಅಲ್ಲೇ ನಿಂತಿತು. ಬ್ರಿಟಿಷರ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ ನನ್ನ ಅಜ್ಜ ಅಲ್ಲಿ ಜರ್ಮನ್ನರಿಗೆ ಸೆರೆ ಸಿಕ್ಕಿದ್ದರು. ಜ್ವರದಿಂದ ಬಿದ್ದ ಅವರನ್ನು ಕಾವಲಿನವರು ಬಿಸಿಲಲ್ಲೇ ಬಿಟ್ಟು ಹೊರಟಾಗ, ತನ್ನ ಗಾಡಿಗೆ ಹಾಕಿಕೊಂಡು ಆಸ್ಪತ್ರೆಗೆ ಮುಟ್ಟಿಸಿದ ಪೈಲಟ್‌ನ ಹೆಸರು ಅದೇ. ಅವನು ಬರದಿದ್ದರೆ ಅಬ್ಬಾ ಹುಟ್ಟುತ್ತಿರಲಿಲ್ಲ, ನಾನೂ ಇಲ್ಲ.

ಪಾಲೋ ಆಲ್ಟೋದಲ್ಲಿ ಹೆಲ್ಗಾ ಮನೆಯ ಬಾಗಿಲು ತೆರೆದರು, ಮುಖ ಮಾತ್ರ ಅರಳಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ನೇರವಾಗಿ ಹೇಳಿದರು, "ಇಪ್ಪತ್ಮೂರನೇ ವಯಸ್ಸಿಗೇ ನಮ್ಮಪ್ಪನ ಕೊರಳಿಗೆ ಪದಕ ಬಿತ್ತು. ಅಂಗಡಿಗಳಲ್ಲಿ ಅವರ ಫೋಟೋ ಮಾರಿದರು. ಅಪ್ಪ ಐವತ್ತಕ್ಕೂ ಹೆಚ್ಚು ವಿಮಾನ ಉರುಳಿಸಿದರು, ಒಳಗಿದ್ದವರೆಲ್ಲ ಹುಡುಗರು. ಕೊನೆಗೆ ತಾವೇ ಉರಿದು ಬಿದ್ದರು, ಕೈ ಸುಟ್ಟುಹೋಯಿತು. ಆಮೇಲೆ ವಿಮಾನ ಹತ್ತಲಿಲ್ಲ, ಡ್ರೈವಿಂಗ್ ಸ್ಕೂಲ್ ನಡೆಸಿದರು. ಈಗಲೂ ಅಭಿಮಾನಿಗಳು ಬರುತ್ತಾರೆ. ನೀವೂ ಅವರ ಪೈಕಿಯಾದರೆ ದಯವಿಟ್ಟು ಎದ್ದುಬಿಡಿ. ಅಪ್ಪನ ಸಮಾಧಿಗೆ ನಾನೇ ಹೋಗುವುದಿಲ್ಲ."

ನಾನು ಕನ್ನಡಕ್ಕೆ ತಿರುಗಿಸಿದೆ. ಅಬ್ಬಾ ಡಬ್ಬಿ ಮುಂದೆ ಸರಿಸಿದರು.

"ವಿಮಾನದ ಸುದ್ದಿ ನಮಗ್ ಬ್ಯಾಡಂತ ಹೇಳವಾ ಖಾಲಿದಾ. ನಮ್ಮಪ್ಪಗ ಜೀವಾ ಕೊಟ್ಟಾನ ಆಕೀ ಅಪ್ಪ. ಅಷ್ಟ ಹೇಳು."

ಆ ಜ್ವರ, ಬಿಸಿಲು, ಗಾಡಿಯ ಕಥೆಯನ್ನೆಲ್ಲ ಹೇಳಿದೆ. ತಮ್ಮಪ್ಪ ಇದನ್ನೆಂದೂ ಹೇಳಿರಲಿಲ್ಲ ಎಂದರು ಹೆಲ್ಗಾ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಹಲ್ವಾ ಯಾಕೆ ಎಂದು ಕೇಳಿದರು.

ಈಗ ಬಂತು ಫಜೀತಿ. ಷಬೆ ಬರಾತ್ ಹಬ್ಬದ ರಾತ್ರಿ ನಾವು ಸತ್ತವರ ಹೆಸರಲ್ಲಿ ಹಲ್ವಾ ಇಟ್ಟು, ದೇವರಲ್ಲಿ ಅವರಿಗೆ ಕ್ಷಮೆ ಬೇಡಿ ದುವಾ ಮಾಡುತ್ತೇವೆ. ಆ ಪೈಲಟ್‌ಗಳಲ್ಲಿ ಒಬ್ಬನೂ ಉಳಿಯಲಿಲ್ಲವೆಂದು ಯಾರೋ ಹೇಳಿದ್ದನ್ನು ನಂಬಿ, ಊರಿಗೆ ಮರಳಿದ ವರ್ಷದಿಂದಲೇ ಅಜ್ಜ ವರ್ನರ್ ಹೆಸರಲ್ಲೂ ಒಂದು ತಟ್ಟೆ ಇಟ್ಟರು. ಮೌಲ್ವಿ ಸಾಹೇಬರು ಮುಖ ಸಿಂಡರಿಸಿದರೂ ಅಜ್ಜ ಕೇಳಲಿಲ್ಲ. ಅಬ್ಬಾನೂ ಬಿಡಲಿಲ್ಲ. ಇದನ್ನೂ ಹೆಲ್ಗಾಗೆ ಹೇಳಿದೆ.

"ಆದರೆ ಅಪ್ಪ ತೀರಿಕೊಂಡದ್ದು ತೊಂಬತ್ತೊಂದನೇ ಇಸವಿಯಲ್ಲಿ!" ಎಂದರು ಹೆಲ್ಗಾ. "ಅಲ್ಲಿಯವರೆಗೆ ಬದುಕಿದ್ದವರಿಗೆ ಈ ಪ್ರಾರ್ಥನೆಯೇ?"

ಅಬ್ಬಾ ಗಡ್ಡ ಕೆರೆದುಕೊಂಡರು. "ತಪ್ಪಾತು. ಅಡ್ವಾನ್ಸ್ ಅಂತ ತಿಳ್ಕೊಳ್ಳಾಕ ಹೇಳವಾ."

ಹೆಲ್ಗಾ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ಸಾಯುವ ಮುಂಚೆ ಅಪ್ಪ ಒಂದು ಮಾತು ಹೇಳಿದ್ದರು. ಹೊಗಳುವವರು ಬೇಕಾದಷ್ಟಿದ್ದಾರೆ, ನನಗಾಗಿ ಪ್ರಾರ್ಥಿಸುವವರು ಒಬ್ಬರೂ ಇಲ್ಲ ಅಂತ." ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು, "ಏನಂತ ಬೇಡುತ್ತೀರಿ?"

"ತಾಯಿ ಹೆಸರು ಹೇಳಿ, ಇಂಥಾಕೀ ಮಗನ್ನ ಕ್ಷಮಿಸಪ್ಪಾ ಅಂತೀವಿ," ಎಂದರು ಅಬ್ಬಾ. "ಇವ್ರಪ್ಪನ ತಾಯಿ ಹೆಸರು ಗೊತ್ತಿರಲಿಲ್ಲ. ಅದಕ್ಕ ಹವ್ವಾನ ಮಗಾ ವರ್ನರ್ ಅಂತಿದ್ವಿ. ನಾವೆಲ್ಲಾರೂ ಆಕೀ ಮಕ್ಕಳ ಅಲ್ಲೇನು?"

ಹವ್ವಾ ಎಂದರೆ ಮನುಷ್ಯರೆಲ್ಲರ ಮೊದಲ ತಾಯಿ, ಈವ್ ಎಂದು ನಾನು ಬಿಡಿಸಿ ಹೇಳಿದೆ. ಆ ಗಳಿಗೆಯಲ್ಲಿ ನನ್ನ ಅಜ್ಜನ ಮೇಲೆ ಪ್ರೀತಿ ಉಕ್ಕಿತು. ಅಬ್ಬಾ ಅಲ್ಲೇ ಕೈ ಎತ್ತಿದರು. ಹೆಲ್ಗಾ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ತಾವೂ ಕೈ ಚಾಚಿದರು.

"ಮಾರ್ಥಾ," ಎಂದರು. "ಅವರಮ್ಮನ ಹೆಸರು ಮಾರ್ಥಾ. ಮಾರ್ಥಾಳ ಮಗ ಅನ್ನಿ."