ನಾಲ್ಕು ಸೇರು ಅಕ್ಕಿ

ಸಂಜೆ ಪಾಠ ಶುರುವಾಗುವ ಮೊದಲು ಸರ್ವಮಂಗಳಾ ಆ ದಿನದ ಲೆಕ್ಕವನ್ನು ಸ್ಲೇಟಿನ ಮೇಲೆ ತಾನೇ ಮಾಡಿ ನೋಡುತ್ತಿದ್ದಳು. ಸರಿ ಬಂದರೂ ನಂಬಿಕೆ ಸಾಲದೆ ಅಳಿಸಿ ಮತ್ತೆ ಮಾಡುತ್ತಿದ್ದಳು. ತಾನೂ ಇಂಥದೇ ಸಂಜೆ ಶಾಲೆಯಲ್ಲಿ ಕಲಿತು, ಒಮ್ಮೆ ನಪಾಸಾಗಿ, ಆಮೇಲೆ ಎಸ್ಸೆಸ್ಸೆಲ್ಸಿ ದಾಟಿದವಳು. ಹಗಲು ಶಾಲೆಯ ಟೀಚರುಗಳಿಗೆ ತಪ್ಪಿದರೂ ನಡೆಯುತ್ತದೆ, ತನಗೆ ನಡೆಯುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಹಾಗೆಯೇ ಅನ್ನಿಸುತ್ತಿತ್ತು.

ಶಾಲೆ ಎಂದರೆ ಒಂಟಿಕೊಪ್ಪಲಿನ ಒಂದು ಮನೆಯ ಹಿತ್ತಲಿನ ಶೆಡ್ಡು. ಎರಡು ಒಲೆ, ಒಂದು ಕರಿಹಲಗೆ, ನಾಲ್ಕಾರು ಪಾತ್ರೆ. ಬರುವವರೆಲ್ಲ ಮನೆಗೆಲಸ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುವ ಹೆಂಗಸರು. ಮೊದಮೊದಲು ಅವಳು ಹಲಗೆಯ ಮೇಲೆ ಭಿನ್ನರಾಶಿ ಬರೆದಾಗ ಅವರು ಪೊಲೀಸಿನವರನ್ನು ಕಂಡವರ ಹಾಗೆ ಕೂತಿದ್ದರು. ಒಂದು ದಿನ ಬೇಸತ್ತು ಬಳಪ ಕೆಳಗಿಟ್ಟು, "ಸೇರಿನ ಕಾಲು ಭಾಗಕ್ಕೆ ಏನಂತೀರಿ?" ಎಂದು ಕೇಳಿದಳು. "ಪಾವು" ಎಂದರು. "ಅದರ ಅರ್ಧ?" "ಅರೆಪಾವು!" ಎಂದು ಶೆಡ್ಡೇ ಕೂಗಿತು. "ಹಾಗಾದರೆ ಕಾಲಿನ ಅರ್ಧ ಎಂಟರಲ್ಲಿ ಒಂದು ಭಾಗ. ಇಷ್ಟೇ." ಅಂದಿನಿಂದ ಲೆಕ್ಕವೆಲ್ಲ ಒಲೆಯ ಹತ್ತಿರಕ್ಕೆ ಬಂತು. ಹುಳಿಪುಡಿಯ ಧನಿಯ ಮೆಣಸಿನಕಾಯಿಯಲ್ಲಿ ಅನುಪಾತ, ಮದುವೆ ಮನೆಯ ಪಾಯಸದಲ್ಲಿ ತ್ರೈರಾಶಿ.

"ಇನ್ಮೇಲೆ ನಮ್ಮೆಜಮಾನ್ರು ಉಪ್ಪು ಜಾಸ್ತಿ ಆಯ್ತು ಅಂದ್ರೆ, ಅದು ಗುಣಾಕಾರ ಕಣ್ರೀ, ಸುಮ್ನೆ ಉಣ್ಣಿ ಅಂತೀನಿ," ಎಂದು ಹಾಲು ಮಾರುವ ಬೆಟ್ಟಮ್ಮ ಎಲ್ಲರನ್ನೂ ನಗಿಸಿದ್ದಳು.

ಆದರೆ ಎರಡು ವಿಷಯದಲ್ಲಿ ಸರ್ವಮಂಗಳಾ ಬಿಗಿ. ಒಂದು, ಅನ್ನದ ಗಂಜಿ ಬಸಿಯಬಾರದು. ಬಸಿದರೆ ಅಕ್ಕಿಯ ಸತ್ವವೆಲ್ಲ ಹರಿದುಹೋಗುತ್ತದೆಂದು ಅವಳು ಓದಿದ್ದಳು. ಅದಕ್ಕೇ ಒಂದು ಸೇರು ಅಕ್ಕಿಗೆ ಎರಡೂವರೆ ಸೇರು ನೀರು, ಅಳೆದು ಹಾಕಬೇಕು, ಎಲ್ಲ ಇಂಗಬೇಕು. ಇನ್ನೊಂದು, ಎಣಿಸಿ ಹಾಕಿದ ಮೇಲೆ ಅಂದಾಜಿನಲ್ಲಿ ಕೈ ಹಾಕಬಾರದು. "ಕಣ್ಣು ಮೋಸ ಮಾಡುತ್ತೆ, ಎಣಿಕೆ ಮೋಸ ಮಾಡಲ್ಲ," ಎನ್ನುತ್ತಿದ್ದಳು. ಹಾಗೆ ಹೇಳುವಾಗ ಅವಳಿಗೇ ಒಂದಿಷ್ಟು ಧೈರ್ಯ ಬರುತ್ತಿತ್ತು.

ಅವಳ ಮಾತನ್ನು ವೇದವಾಕ್ಯದಂತೆ ಹಿಡಿದವಳು ಮಾದೇವಮ್ಮ. ಗಂಡ ಸತ್ತ ಮೇಲೆ ಮಗಳು ಸಿದ್ದಲಿಂಗಮ್ಮನನ್ನು ಕಟ್ಟಿಕೊಂಡು ಪಡುವಾರಹಳ್ಳಿಯಲ್ಲಿ ಭಾವ ಗುರುಸಿದ್ದಯ್ಯನ ಮನೆಯಲ್ಲಿದ್ದಳು. ಅಲ್ಲಿ ಇಡೀ ಮನೆಗೆ ಬೇಯಿಸುವುದು ಅವಳೇ. ಈಗ ಗುರುಸಿದ್ದಯ್ಯ ಮಗನಿಗೆ ಹೆಣ್ಣು ಗೊತ್ತುಮಾಡಿದ್ದ. ತಾಯಿ ಮಗಳು ಮಲಗುತ್ತಿದ್ದ ಕೋಣೆ ಹೊಸ ಜೋಡಿಗೆ ಬೇಕಾಗಿತ್ತು. ಕೆಟ್ಟ ಮನುಷ್ಯನೇನಲ್ಲ, ದಾರಿಯನ್ನೂ ಯೋಚಿಸಿಟ್ಟಿದ್ದ: ಮಾದೇವಮ್ಮ ಟಿ. ನರಸೀಪುರದ ಕಡೆ ತನ್ನ ತಮ್ಮನ ಮನೆಗೆ, ಹುಡುಗಿ ನಂಜನಗೂಡಿನಲ್ಲಿ ಗುರುಸಿದ್ದಯ್ಯನ ನಾದಿನಿಯ ಮನೆಗೆ, ಕೂಸು ನೋಡಿಕೊಳ್ಳಲು. ತಮ್ಮನ ಮನೆಯಲ್ಲಿ ಇಬ್ಬರಿಗೆ ಜಾಗವಿರಲಿಲ್ಲ.

ಅಷ್ಟರಲ್ಲಿ ಯಾದವಗಿರಿಯ ಕಡೆ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳ ಕೆಲಸ ಖಾಲಿಯಾಯಿತು. ಸಂಬಳಕ್ಕಿಂತ ಹೆಚ್ಚಾಗಿ, ಅಡುಗೆಮನೆಯ ಪಕ್ಕದಲ್ಲಿ ಒಂದು ಕೋಣೆ ಕೊಡುತ್ತಿದ್ದರು. ಮಗಳು ಜೊತೆಗಿರಬಹುದು, ಶಾಲೆಗೂ ಹೋಗಬಹುದು. ವಾರ್ಡನ್ ಅಂಬುಜಮ್ಮ ಕೇಳಿದ್ದು ಒಂದೇ. ತಲೆಗೆ ಇಷ್ಟು ಎಂದು ಪಟ್ಟಿ ಇರುತ್ತದೆ. ಅದನ್ನು ನೋಡಿ, ಲೆಕ್ಕ ಹಾಕಿ, ಉಗ್ರಾಣದಿಂದ ತಾನೇ ಅಳೆದು ಬೇಯಿಸಬೇಕು. ಹಿಂದಿನ ಅಡುಗೆಯವಳು ದಿನಾ ಒಂದಿಷ್ಟು ಅಕ್ಕಿ ಮನೆಗೆ ಸಾಗಿಸುತ್ತಿದ್ದಳಂತೆ.

"ಅಂದಾಜಲ್ಲಿ ಎಷ್ಟು ಜನಕ್ಕಾದ್ರೂ ಬೇಯಿಸ್ತೀನಿ ಮೇಷ್ಟ್ರಮ್ಮ. ಪಟ್ಟಿ ಅಂದ್ರೆ ದಿಗಿಲು," ಎಂದಳು ಮಾದೇವಮ್ಮ.

"ಅದಕ್ಕೇ ತಾನೆ ನಾನಿರೋದು?"

ಆ ಮಾತು ಬಾಯಿಂದ ಬಂದ ಕೂಡಲೇ ಸರ್ವಮಂಗಳಾಳಿಗೆ ಅಳುಕಾಯಿತು. ಆದರೂ ಆಡಿಯಾಗಿತ್ತು. ದಿನಾ ಉಳಿದವರು ಹೋದ ಮೇಲೆ ಮಾದೇವಮ್ಮನೊಬ್ಬಳನ್ನೇ ಕೂರಿಸಿಕೊಂಡು ಅಭ್ಯಾಸ ಮಾಡಿಸಿದಳು. ಗುಣಾಕಾರ ಬೇಗ ಹತ್ತಿತು. ಅಂಟಿಕೊಂಡು ಬಿಡದೆ ಹೋದದ್ದು ಒಂದು ಹಳೆಯ ಅಭ್ಯಾಸ. ಧಾನ್ಯ ಅಳೆಯುವಾಗ ಮೊದಲ ಅಳತೆಯನ್ನು ಒಂದು ಎನ್ನದೆ "ಲಾಭ" ಎನ್ನುವುದು, ಆಮೇಲೆ ಎರಡು, ಮೂರು ಎಂದು ಹೋಗುವುದು. ಎಲ್ಲರ ಮನೆಯಲ್ಲೂ ಇರುವುದೇ. ಸರ್ವಮಂಗಳಾಳ ಅಜ್ಜಿಯೂ ಹಾಗೇ ಅಳೆಯುತ್ತಿದ್ದಳು. ಆದರೆ ವಾರ್ಡನ್ ಎದುರಿಗೆ ಹಾಗಂದರೆ? ಓದು ಬರಹವಿಲ್ಲದ ಹೆಂಗಸು ಅಂದುಕೊಂಡುಬಿಟ್ಟರೆ?

"ಲಾಭ ಅನ್ನೋದು ಅಂಕಿ ಅಲ್ಲ ಮಾದೇವಮ್ಮ. ಒಂದು ಅನ್ನಿ."

"ಒಂದು ಅಂದ್ರೆ ಮನೇಲಿ ಒಂದೇ ಉಳಿಯುತ್ತೆ ಅಂತಿದ್ರು ನಮ್ಮತ್ತೆ."

ಇನ್ನೂ ಹೊರಡದೆ ಚಪ್ಪಲಿ ಹುಡುಕುತ್ತಿದ್ದ ಬೆಟ್ಟಮ್ಮ, "ಲಾಭ ಲಾಭ ಅಂದು ನಿಮ್ಮತ್ತೆ ಏನ್ ಗುಡ್ಡೆ ಹಾಕುದ್ರು ಬುಡಕ್ಕ? ಒಂದು ಅನ್ನು, ಅತ್ಲಾಗೆ," ಎಂದಳು. ಮಾದೇವಮ್ಮನೂ ನಕ್ಕಳು.

ಪ್ರತಿ ಸಲವೂ ಹೀಗೇ ಆಯಿತು. ಮಾದೇವಮ್ಮ ಮೊದಲ ಸೇರು ಸುರಿದು "ಲಾಭ" ಎನ್ನುವಳು. ಸರ್ವಮಂಗಳಾ ಅವಳ ಕೈ ಹಿಡಿದು ನಿಲ್ಲಿಸುವಳು. ಅವಳು ನಾಲಿಗೆ ಕಚ್ಚಿಕೊಂಡು "ಒಂದು" ಎನ್ನುವಳು. ಆಮೇಲೆ ಎರಡು.

ಹಾಸ್ಟೆಲಿನಲ್ಲಿ ಪರೀಕ್ಷೆ ಒಂದು ಭಾನುವಾರ. ಹೆಚ್ಚಿನ ಹುಡುಗಿಯರು ಊರಿಗೆ ಹೋಗಿ, ಇಪ್ಪತ್ತು ಜನ ಉಳಿದಿದ್ದರು. ಐದು ಜನಕ್ಕೆ ಒಂದು ಸೇರು ಎಂದು ಪಟ್ಟಿಯಲ್ಲಿತ್ತು. ಮಾದೇವಮ್ಮ ಬೆರಳು ಮಡಿಸದೆ, ತುಟಿ ಅಲ್ಲಾಡಿಸದೆ, "ಅಕ್ಕಿ ನಾಲ್ಕು ಸೇರು. ನೀರು ಹತ್ತು," ಎಂದಳು. ಅಂಬುಜಮ್ಮ ಮೆಚ್ಚಿಕೊಂಡು ಸರ್ವಮಂಗಳಾಳ ಕಡೆ ನೋಡಿದರು. "ಚೆನ್ನಾಗಿ ಕಲಿಸಿದೀರಿ. ನೀವು ಜಗುಲೀಲಿ ಕೂತಿರಿ. ಒಳಗಡೆ ಅವರೊಬ್ಬರೇ ಮಾಡಲಿ."

ಜಗುಲಿಯ ಕಲ್ಲಿನ ಮೇಲೆ ಸರ್ವಮಂಗಳಾ ತುಂಬ ದಿನಗಳ ಮೇಲೆ ನೆಮ್ಮದಿಯಾಗಿ ಕೂತಳು. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಬೀಗದ ಕೈ ಸಿಕ್ಕಿದ ಮೇಲೆ ಆ ಕೋಣೆಗೆ ಒಂದು ಚಾಪೆ ಕೊಡಿಸಬೇಕು ಎಂದುಕೊಂಡಳು. ಅಷ್ಟು ಮುಂದಕ್ಕೆ ಹೋದದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಊಟದ ಗಂಟೆ ಹೊಡೆಯಿತು. ತಟ್ಟೆಗಳ ಸದ್ದಾಯಿತು. ಆಮೇಲೆ ಒಂದು ಹುಡುಗಿಯ ದನಿ, "ಏ, ಅನ್ನ ಅಲ್ಲ ಕಣೇ ಇದು, ಅಕ್ಕಿ!" ಎಂದಿತು. ನಗು ಎದ್ದಿತು.

ಅಂಬುಜಮ್ಮ ಒಳಗೆ ಕರೆದರು. ದೊಡ್ಡ ಪಾತ್ರೆಯಲ್ಲಿ ಅನ್ನ ಮೇಲೆಲ್ಲ ಗಡುಸಾಗಿ, ಕೆಳಗೆ ಸೀದು ನಿಂತಿತ್ತು. ಮಾದೇವಮ್ಮ ಗೋಡೆಗೆ ಒರಗಿದ್ದಳು.

"ಅನ್ನ ಕೆಡೋದು ದೊಡ್ಡದಲ್ಲ," ಎಂದರು ಅಂಬುಜಮ್ಮ. ದನಿ ಏರಿಸಲಿಲ್ಲ. "ಬೆಳಿಗ್ಗೆ ನಾನೇ ಡಬ್ಬಕ್ಕೆ ಹನ್ನೆರಡು ಸೇರು ಅಳೆದಿಟ್ಟಿದ್ದೆ. ಎಂಟು ಉಳೀಬೇಕಿತ್ತು. ಈಗ ಅಳೆದೆ, ಏಳಿದೆ."

"ನಾಲ್ಕೇ ತಾಯಿ ನಾನು ತಗೊಂಡಿದ್ದು. ಎಣಿಸ್ಕೊಂಡೇ ತಗೊಂಡೆ. ಮಾದೇಶ್ವರನಾಣೆ."

"ಮತ್ತೆ ಇನ್ನೊಂದು ಸೇರು ಎಲ್ಲಿ ಹೋಯ್ತು?"

ಮಾದೇವಮ್ಮ ಮೂಲೆಯಲ್ಲಿಟ್ಟಿದ್ದ ತನ್ನ ಕೈಚೀಲ ತಂದು ಎಲ್ಲರೆದುರಿಗೂ ತಲೆಕೆಳಗು ಮಾಡಿ ಕೊಡವಿದಳು. ಒಂದು ಒಗೆದ ರವಿಕೆ, ಎಲೆಯಡಿಕೆ, ಮಗಳ ಜಡೆಗೆಂದು ತಂದಿದ್ದ ಒಂದು ಗಜ ಟೇಪು ಬಿದ್ದವು. ಆಮೇಲೆ ಸೆರಗು ಬಿಚ್ಚಿ ಕೊಡವಿದಳು. ಊಟ ಬಿಟ್ಟು ಬಂದ ಹುಡುಗಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಬೇಡಮ್ಮ, ಅದೆಲ್ಲ ಬೇಡ," ಎಂದು ಅಂಬುಜಮ್ಮ ಮುಖ ತಿರುಗಿಸಿಕೊಂಡರು.

ಇಬ್ಬರೂ ಹೊರಟು ಬಂದರು. ರೈಲ್ವೆ ಗೇಟಿನ ಹತ್ತಿರ ಮಾದೇವಮ್ಮ, "ಕುದಿಯೋವಾಗ್ಲೇ ಕಾಣ್ತು ಮೇಷ್ಟ್ರಮ್ಮ, ನೀರು ಸಾಲ್ದು ಅಂತ. ಒಂದು ಚೊಂಬು ಕೈಗೂ ತಗೊಂಡಿದ್ದೆ," ಎಂದಳು.

"ಹಾಕಬೇಕಿತ್ತು!"

"ಎಣಿಸಿದ ಮೇಲೆ ಕೈ ಹಾಕ್ಬೇಡಿ ಅಂದಿದ್ರಲ್ಲ. ನನ್ ಕಣ್ಣೇ ಮೋಸ ಮಾಡ್ತೈತೆ ಅಂದ್ಕೊಂಡು ಕೆಳಗಿಟ್ಬುಟ್ಟೆ."

ಸರ್ವಮಂಗಳಾ ಅವಳನ್ನು ಮನೆಗೆ ಬಿಡದೆ ಶೆಡ್ಡಿಗೆ ಕರೆದುಕೊಂಡು ಹೋದಳು. ರಾಗಿಯ ಡಬ್ಬದ ಮುಚ್ಚಳ ತೆಗೆದು ಸೇರನ್ನು ಕೈಗೆ ಕೊಟ್ಟಳು. "ಅಲ್ಲಿ ಹೇಗೆ ಅಳೆದ್ರೋ ಹಾಗೇ ತೋರಿಸಿ. ನಾನು ಮಾತಾಡಲ್ಲ."

ಮಾದೇವಮ್ಮ ಸೇರು ತುಂಬಿ, ಅಂಗೈಯಿಂದ ಮಟ್ಟ ಸವರಿ, ಪಾತ್ರೆಗೆ ಸುರಿದಳು. "ಲಾಭ." ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಅವಳ ಕೈ ಮುಂದಿನ ಸೇರು ತುಂಬಿಯಾಗಿತ್ತು. ಈ ಸಲ ಆ ಕೈಯನ್ನು ಯಾರೂ ಹಿಡಿದು ನಿಲ್ಲಿಸಲಿಲ್ಲ. ಅದನ್ನು ಸುರಿಯುತ್ತ, "ಒಂದು," ಎಂದಳು. ಎರಡು. ಮೂರು. ನಾಲ್ಕು. ಸೇರನ್ನು ಬೋರಲು ಹಾಕಿ ತಲೆಯೆತ್ತಿ, "ನೋಡಿ, ನಾಲ್ಕೇ ಅಲ್ವಾ?" ಎಂದಳು.

ಪಾತ್ರೆಯಲ್ಲಿ ಐದು ಸೇರು ರಾಗಿಯಿತ್ತು.

ಸರ್ವಮಂಗಳಾ ಕೂತಲ್ಲೇ ಕೂತಳು. ಮಾದೇವಮ್ಮನನ್ನು ಅವಳ ಪಾಡಿಗೆ ಬಿಟ್ಟಿದ್ದರೆ ಲಾಭ, ಎರಡು, ಮೂರು, ನಾಲ್ಕು ಎಂದು ಸರಿಯಾಗಿ ಅಳೆಯುತ್ತಿದ್ದಳು. ಅಳತೆ ತಪ್ಪಿದ್ದರೂ ಧಾರಾಳವಾಗಿ ನೀರಿಟ್ಟು ಗಂಜಿ ಬಸಿದಿದ್ದರೆ ಅನ್ನ ಬೇಯುತ್ತಿತ್ತು. ಅದೂ ಇಲ್ಲದಿದ್ದರೆ ಕಣ್ಣು ಹೇಳಿದ ಹಾಗೆ ಒಂದು ಚೊಂಬು ನೀರು ಹುಯ್ಯುತ್ತಿದ್ದಳು. ಆ ಮೂರು ಬಾಗಿಲನ್ನೂ ಮುಚ್ಚಿದವಳು ತಾನೇ. ಎಷ್ಟು ಕಾಳಜಿಯಿಂದ, ದಿನಾ ಕೂರಿಸಿಕೊಂಡು.

ಐದು ಎಂದು ತೋರಿಸಿದಾಗ ಮಾದೇವಮ್ಮನಿಗೆ ಮೊದಲು ಬಂದದ್ದು ಸಂತೋಷ. "ಹಂಗಾದ್ರೆ ಅಕ್ಕಿ ಪಾತ್ರೇಲೇ ಇತ್ತು! ನಾನು ಕಳ್ಳಿ ಅಲ್ಲ ಅಂತ ಹೇಳ್ಬುಡಿ ಅವರಿಗೆ, ಹೋಗಿ ಹೇಳ್ಬುಡಿ."

ಮರುದಿನ ಸರ್ವಮಂಗಳಾ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಳು. ಕದ್ದಿಲ್ಲ ಎನ್ನಬೇಕಾದರೆ ಎಣಿಕೆ ತಪ್ಪಿತು ಎನ್ನಬೇಕು. ಎಣಿಕೆ ತಪ್ಪುವವಳಿಗೆ ಉಗ್ರಾಣದ ಬೀಗದ ಕೈ ಯಾರು ಕೊಡುತ್ತಾರೆ? ಎರಡನ್ನೂ ಉಳಿಸುವ ಒಂದು ವಾಕ್ಯಕ್ಕಾಗಿ ಹುಡುಕಿದಳು. ಸಿಗಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಅಂಬುಜಮ್ಮ ಕನ್ನಡಕ ತೆಗೆದು ಪೂರ್ತಿ ಕೇಳಿದರು. "ಅಂದ್ರೆ ಕದ್ದಿಲ್ಲ."

"ಇಲ್ಲಮ್ಮ."

"ಒಳ್ಳೇದಾಯ್ತು. ರಾತ್ರಿಯೆಲ್ಲ ನಂಗೂ ಸಂಕಟ ಆಗಿತ್ತು. ಆದ್ರೆ ನಾಲ್ಕು ಅಂತ ಐದು ಹಾಕ್ತಾರೆ."

"ಅದು ನಾನು ಕಲಿಸಿದ ರೀತಿಯಿಂದ. ಅವರ ತಪ್ಪಲ್ಲ. ಇನ್ನೊಂದು ಸಲ ಅವಕಾಶ ಕೊಟ್ಟರೆ—"

"ನಿನ್ನೆ ಸಂಜೆನೇ ಇನ್ನೊಬ್ಬರಿಗೆ ಮಾತು ಕೊಟ್ಟೆ. ಓದು ಬರಹ ಇಲ್ಲ. ಪಟ್ಟಿ ನಾನೇ ಓದಿ ಹೇಳ್ತೀನಿ." ಸ್ವಲ್ಪ ತಡೆದು, ಮೆತ್ತಗೆ, "ನಿಮ್ಮ ಕ್ಲಾಸಿಂದ ಸದ್ಯಕ್ಕೆ ಯಾರನ್ನೂ ಕಳಿಸಬೇಡಿ ತಾಯಿ," ಎಂದರು.

ಪಡುವಾರಹಳ್ಳಿಯ ಮನೆಯಲ್ಲಿ ಕೋಣೆಗೆ ಆಗಲೇ ಸುಣ್ಣ ಬಳಿಯುತ್ತಿದ್ದರು. ಮಾದೇವಮ್ಮ ಪಡಸಾಲೆಯಲ್ಲಿ ಮಗಳ ಲಂಗಗಳನ್ನು ಬೇರೆ, ತನ್ನ ಸೀರೆಗಳನ್ನು ಬೇರೆ ಗಂಟು ಕಟ್ಟುತ್ತಿದ್ದಳು. ಒಂದು ಹರಿದ ಕಂಬಳಿ ಯಾವ ಗಂಟಿಗೂ ಸೇರದೆ ಪಕ್ಕದಲ್ಲಿತ್ತು.

"ಹೇಳಿದ್ರಾ?"

"ಹೇಳಿದೆ. ಕಳ್ಳತನ ಅಲ್ಲ ಅಂತ ಒಪ್ಕೊಂಡರು."

"ಸದ್ಯ." ಮಾದೇವಮ್ಮ ಗಂಟು ಬಿಗಿದಳು. "ಮತ್ತೆ ಕೆಲಸ?"

ಸರ್ವಮಂಗಳಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಕ್ಷಮಿಸಿ ಎನ್ನಲು ಬಂದಿದ್ದಳು. ಆ ಮಾತು ಆಡಿದರೆ, ಪರವಾಗಿಲ್ಲ ಎಂದು ಸಮಾಧಾನ ಹೇಳುವ ಕೆಲಸವೂ ಮಾದೇವಮ್ಮನ ಮೇಲೇ ಬೀಳುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡಳು. ಆದರೂ ಮಾದೇವಮ್ಮ, "ನೀವೇನ್ ಮಾಡ್ತೀರಿ ಬುಡಿ. ನನ್ ಮಂಡೆಗೆ ಹತ್ಲಿಲ್ಲ," ಎಂದಳು. ಹಾಗಲ್ಲ ಎಂದು ಸರ್ವಮಂಗಳಾ ಹೇಳಿದಳು. ಮಾದೇವಮ್ಮ ನಂಬಲಿಲ್ಲ. ಮೇಷ್ಟ್ರಮ್ಮ ಕಲಿಸಿದ್ದು ತಪ್ಪಿರಲು ಸಾಧ್ಯ ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ಶುಕ್ರವಾರ ಚಾಮರಾಜಪುರಂ ಸ್ಟೇಷನ್ನಿಗೆ ಸರ್ವಮಂಗಳಾ ಹೋದಳು. ನಂಜನಗೂಡಿನ ರೈಲಿನಲ್ಲಿ ಜೊತೆಗೆ ಹೊರಟಿದ್ದ ಗುರುಸಿದ್ದಯ್ಯ ಹುಡುಗಿಯನ್ನು ಕಿಟಕಿಯ ಪಕ್ಕ ಕೂರಿಸಿ, ಕಡಲೆಕಾಯಿ ಪೊಟ್ಟಣ ಕೊಡಿಸಿದ್ದ. ಹುಡುಗಿ ಅದನ್ನು ಬಿಚ್ಚಿರಲಿಲ್ಲ. ಮಾದೇವಮ್ಮ ಪ್ಲಾಟ್‌ಫಾರಂ ಮೇಲೆ ನಿಂತು ಕಿಟಕಿಯ ಸರಳು ಹಿಡಿದಿದ್ದಳು. ಅವಳ ಬಸ್ಸು ಮಧ್ಯಾಹ್ನಕ್ಕಿತ್ತು.

"ಕೂಸನ್ನ ಒದ್ದೆ ಬಟ್ಟೇಲಿ ಬುಡಬೇಡ. ಹೇಳಿದ್ದು ಮಾಡು. ಎದುರು ಮಾತಾಡ್ಬೇಡ ಕಣವ್ವ."

"ಸ್ಕೂಲಿಗೆ ಕಳಿಸ್ತಾರಾ ಅವ್ವ?"

ಮಾದೇವಮ್ಮ ಸರ್ವಮಂಗಳಾಳ ಕಡೆ ನೋಡಿದಳು. ಓದಿದವರು ಇಂಥದಕ್ಕೆ ಏನಾದರೂ ಹೇಳುತ್ತಾರೆ ಎಂಬ ಹಾಗೆ. ಸರ್ವಮಂಗಳಾ, "ಕೇಳಿ ನೋಡೋಣ," ಎಂದಳು. ಗುರುಸಿದ್ದಯ್ಯ ಕೆಮ್ಮಿ ಆಚೆ ನೋಡಿದ.

ರೈಲು ಕೂಗಿತು. "ಹಬ್ಬಕ್ಕೆ ಬರ್ತೀನಿ," ಎಂದಳು ಮಾದೇವಮ್ಮ.

"ಯಾವ ಹಬ್ಬಕ್ಕೆ?"

ಚಕ್ರಗಳು ಉರುಳಿದವು. ಮಾದೇವಮ್ಮ ಸರಳು ಬಿಡದೆ ಒಂದಷ್ಟು ದೂರ ಜೊತೆಗೆ ನಡೆದಳು, ಆಮೇಲೆ ಓಡಿದಳು, ಆಮೇಲೆ ಕೈ ಬಿಟ್ಟಿತು. ಹುಡುಗಿ ಕಿಟಕಿಯಿಂದ ಮುಖ ಹೊರಗೆ ಹಾಕಿ ಮತ್ತೆ ಅದನ್ನೇ ಕೇಳಿದಳು. ಯಾವ ಹಬ್ಬಕ್ಕೆ ಎಂದು ಹೇಳಲು ಪ್ಲಾಟ್‌ಫಾರಮ್ಮಿನ ಮೇಲಿದ್ದ ಇಬ್ಬರಿಗೂ ಗೊತ್ತಿರಲಿಲ್ಲ.