ಹಾಲಿನ ಮಗ್ಗುಲಿನ ಎಂಜಲು

ನಾನು ಒಂದು ಫ್ರಿಜ್ಜು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಬಾಳಿದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮೊದಲು ಸ್ಟೇಷನ್ ಮಾಸ್ತರರ ಮನೆಯಲ್ಲಿದ್ದೆ. ಅವರಿಗೆ ವರ್ಗವಾದಾಗ ಪಕ್ಕದ ಮನೆಯ ಚನಬಸವ್ವನ ಪಾಲಾದೆ. ಅಬ್ಬಬ್ಬಾ, ಆಕೆಯ ಮಡಿಯೇ! ನನ್ನ ಹೊಟ್ಟೆಯೊಳಗೆ ಹಾಲು, ಮೊಸರು, ಪೂಜೆಯ ಹೂವು, ಅಷ್ಟೇ. ಉಂಡುಳಿದ ಸಾರಿಗೆ ಪ್ರವೇಶವಿಲ್ಲ.

ಆಕೆಯ ಮಗ ಫಕೀರಪ್ಪ ರೈಲು ಓಡಿಸುವವನು. ಒಂದು ದಿನ ಅವನ ಗಾಡಿಗೆ ಮನುಷ್ಯನೊಬ್ಬ ಅಡ್ಡ ಬಂದ. ಬ್ರೇಕ್ ಹಾಕಿದರೂ ಗಾಡಿ ನಿಲ್ಲಲಿಲ್ಲ. ಅಂದಿನಿಂದ ಅವನಿಗೆ ನಿದ್ದೆಯಿಲ್ಲ. ಕುಕ್ಕರ್ ಕೂಗಿದರೆ ಬೆವತು ಗೋಡೆಗೆ ಆತು ನಿಲ್ಲುತ್ತಿದ್ದ.

"ಗಂಡಸಾಗಿ ಹಿಂಗ ಅಂಜತಾರೇನೋ?" ಎಂದಳು ತಾಯಿ ಒಮ್ಮೆ.

"ನಾ ಹೇಡಿ ಆಗೇನಿ, ಬಿಡವ್ವಾ," ಎಂದವನು ಆಮೇಲೆ ಮಾತೇ ಬಿಟ್ಟ. ನನಗೆಲ್ಲಿಯ ಕರುಳು? ಆದರೂ ಚುರುಕ್ ಎಂದಿತು.

ಐದನೆಯ ತಿಂಗಳಿಗೆ, ಅವನಿಗೆ ಔಷಧ ಕೊಡುತ್ತಿದ್ದ ರೈಲ್ವೆ ಆಸ್ಪತ್ರೆಯ ರೇಣುಕಾ ಸಿಸ್ಟರ್ ಬಂದು ಪುಟ್ಟ ಶೀಶೆಗಳನ್ನು ಕೊಟ್ಟರು. "ಮುಂಜಾನೆ ಎದ್ದ ಕೂಡ್ಲೇ, ಬಾಯಿ ತೊಳಿಯೂಕಿಂತ ಮೊದಲ ಇದರಾಗ ಉಗುಳ್ರಿ. ಫ್ರಿಜ್ಜಿನ್ಯಾಗ ಇಡ್ರಿ. ಹಾರ್ಮೋನ್ ಎಷ್ಟೈತಿ ನೋಡ್ತೀವಿ."

"ಶಿವಶಿವಾ! ಹಾಲಿನ ಮಗ್ಗಲ ಎಂಜಲಾ?"

ಎರಡು ದಿನ ಬಿಟ್ಟು ಬಂದ ಸಿಸ್ಟರ್ ನನ್ನ ಬಾಗಿಲು ತೆಗೆದರೆ ಶೀಶೆಗಳು ಖಾಲಿ, ಫಳಫಳ!

"ದವಾಖಾನಿಗೆ ಎಂಜಲ ಹೆಂಗ ಕಳಿಸೂದ್ರಿ? ತಿಕ್ಕಿ ತೊಳದಿಟ್ಟೀನಿ," ಎಂದಳು ಮುದುಕಿ. ಐದು ತಿಂಗಳಲ್ಲಿ ಮೊದಲ ಸಲ ಫಕೀರಪ್ಪ ನಕ್ಕ.

ಮತ್ತೆ ಉಗುಳಿಟ್ಟಿದ್ದಾಯಿತು. ಈ ಸಲ ಚನಬಸವ್ವ ಮೂಗು ಮುರಿದರೂ ಕೈ ಹಚ್ಚಲಿಲ್ಲ. ಹತ್ತು ದಿನಕ್ಕೆ ಸಿಸ್ಟರ್ ಬಂದು ತಾಯಿಯ ಪಕ್ಕ ಕುಳಿತರು.

"ಯವ್ವಾ, ಅಂಜಿಕಿ ಬಂದಾಗ ಮೈಯಾಗ ಒಂದು ರಸ ಏರತೈತಿ, ಎದಿ ಬಡಕೊಳ್ತೈತಿ. ಅದನ್ನ ಇಳಸಾಕ ಕಾರ್ಟಿಸಾಲ್ ಅಂತ ಇನ್ನೊಂದು ಬೇಕು. ಇಂಥಾ ಪೆಟ್ಟು ತಿಂದ ಕೆಲವರಿಗೆ ಅದು ಕಡಿಮಿ ಇರತೈತಿ. ಇವರಿಗೂ ಕಡಿಮಿ ಐತಿ. ಗಾಡಿ ನಿಂತೈತಿ, ಎಂಜಿನ್ ಇನ್ನೂ ಬಂದ್ ಆಗಿಲ್ಲ. ಹೇಡಿತನ ಅಲ್ರಿ ಇದು, ಗಾಯ. ಔಷಧ, ಮಾತುಕತಿ ಎರಡೂ ನಡೀಲಿ. ಮನ್ಯಾಗ ಸಪ್ಪಳ ಕಡಿಮಿ ಇರ್ಲಿ."

ಚನಬಸವ್ವ ಮಗನ ತಲೆಯನ್ನು ಎದೆಗೊತ್ತಿಕೊಂಡಳು. "ಅಂಜತಿ ಅಂದ ನನ್ನ ಬಾಯಾಗ ಮಣ್ಣ ಬೀಳ್ಲಿ, ನನ್ನಪ್ಪಾ."

ಅದೇ ಹೊತ್ತಿಗೆ ನಾನು, ಹಾಳು ಮುದಿ ಯಂತ್ರ, ಗಡಗಡ ನಡುಗಿ ಶುರುವಾಗಬೇಕೆ! ಫಕೀರಪ್ಪ ಬೆಚ್ಚಿ ಎದ್ದ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಚನಬಸವ್ವ ನೇರ ಬಂದು ಪ್ಲಗ್ಗು ಕಿತ್ತಳು.

"ಹಾಲು ಕೆಡತೈತಲ್ಲವ್ವಾ," ಎಂದ ಮಗ.

"ಕೆಡ್ಲಿ. ಹಾಲಿಗೇನು, ನಾಳಿಗೂ ಸಿಗತೈತಿ."

ಈಗ ನಾನು ಹಿತ್ತಿಲ ಮೂಲೆಯಲ್ಲಿದ್ದೇನೆ, ತುಕ್ಕು ಹಿಡಿಯುತ್ತಿದೆ. ಫಕೀರಪ್ಪ ಇನ್ನೂ ಕೆಲಸಕ್ಕೆ ಹೋಗುತ್ತಿಲ್ಲ. ಆದರೆ ಮೊನ್ನೆ ಮಧ್ಯಾಹ್ನ ನನಗೆ ಬೆನ್ನು ಕೊಟ್ಟು ಕುಳಿತವನು ಹಾಗೆಯೇ ಕಣ್ಣು ಮುಚ್ಚಿದ. ಊಟಕ್ಕೆ ಕರೆಯಲು ಬಂದ ತಾಯಿ ಕರೆಯದೆ ಹೊಸ್ತಿಲಲ್ಲೇ ನಿಂತಳು. ಅಡುಗೆಮನೆಯ ಜಾಗ ಹೋಯಿತೆಂದು ನನಗೇನೂ ಬೇಸರವಿಲ್ಲ. ಎಷ್ಟೋ ತಿಂಗಳ ನಿದ್ದೆ ಬಾಕಿಯಿದೆ ಅವನಿಗೆ. ಮಲಗಲಿ.