ಎಡಗಡೆಯ ಕಪ್ಪು ರೆಕ್ಕೆ

ಜೀನತ ನರೋಣಾದ ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಬೆಳಿಗ್ಗೆ ಬೀಗ ತೆಗೆಯುವ ಮೊದಲು ಹೊರಗೋಡೆಯನ್ನು ನೋಡುವುದು ಅವಳ ರೂಢಿ. ದೀಪಕ್ಕೆ ಬಂದ ಪತಂಗಗಳು ಅಲ್ಲಿ ಅಂಟಿಕೊಂಡಿರುತ್ತಿದ್ದವು. ಅವುಗಳ ಫೋಟೊ ತೆಗೆದು ಅಫಜಲಪುರದ ದೌಲತರಾಯರಿಗೆ ಕಳಿಸುತ್ತಿದ್ದಳು. ರಾಯರು ನಿವೃತ್ತ ಉಪನ್ಯಾಸಕರು. ಫೋಟೊ ನೋಡಿ ಪತಂಗ, ಚಿಟ್ಟೆಗಳ ಹೆಸರು ಹೇಳುವ ವಾಟ್ಸಾಪ್ ಗ್ರೂಪು ನಡೆಸುತ್ತಿದ್ದರು. ಮೂರು ತಾಲೂಕಿನ ಜನ ಅದರಲ್ಲಿದ್ದರು.

ಹೋದ ವರ್ಷ ಅವಳಿಗೊಂದು ದೊಡ್ಡ ಪತಂಗ ಸಿಕ್ಕಿತ್ತು. ಬೆನ್ನ ಮೇಲೆ ತಲೆಬುರುಡೆಯಂಥ ಗುರುತು. ಎರಡು ತಿಂಗಳ ನಂತರ ಅದೇ ಫೋಟೊ ರಾಯರ ಪುಸ್ತಕದ ಮುಖಪುಟವಾಗಿ ಬಂತು. ಒಳಗೆ, 'ಫೋಟೊ: ದೌಲತರಾಯ, ಸೊನ್ನ ಬ್ಯಾರೇಜ್ ಹತ್ತಿರ'. ಮೂಲೆಯಲ್ಲಿ ಉಪಕೇಂದ್ರದ ಗೋಡೆಬರಹದ ನೀಲಿ ಒತ್ತಕ್ಷರವೊಂದು ಇನ್ನೂ ಇಣುಕುತ್ತಿತ್ತು. ಅವಳು ಗ್ರೂಪಿನಲ್ಲೇ ಬರೆದಳು:

"ಸರ, ಇದು ನಮ್ಮ ದವಾಖಾನಿ ಗೋಡಿ ಅದರಿ. ಫೋಟೊ ನಾ ಕಳಿಸಿದ್ದು."

"ಸಿಸ್ಟರ್, ಪತಂಗ ಎಲ್ಲಾ ಕಡಿ ಒಂದೇ ತರಾ ಇರ್ತಾವ. ನೀವು ಸೂಜಿ ಚುಚ್ಚೂದು ನೋಡ್ಕೋರಿ," ಎಂದು ರಾಯರು ಉತ್ತರಿಸಿದರು. ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ಅವಳ ಪರವಾಗಿ ಯಾರೂ ಒಂದು ಮಾತು ಬರೆಯಲಿಲ್ಲ.

ಜೀನತ ಗ್ರೂಪು ಬಿಡಲಿಲ್ಲ. ಫೋಟೊ ಕಳಿಸುವುದನ್ನು ಮಾತ್ರ ನಿಲ್ಲಿಸಿದಳು. ಬೇರೆ ಪುಸ್ತಕಗಳನ್ನು ತರಿಸಿ ರೆಕ್ಕೆಯ ಗೆರೆ, ಚುಕ್ಕೆ, ಅಂಚುಗಳನ್ನು ತಾನೇ ಕಲಿತಳು. ರಾಯರು ತಪ್ಪು ಹೆಸರು ಹೇಳಿದಾಗಲೆಲ್ಲ ಗುರುತು ಹಾಕಿಕೊಂಡು ಸುಮ್ಮನಿದ್ದಳು.

ಈ ಮಳೆಗಾಲ ಹಿತ್ತಲಿನ ಗೋಳಿ ಪಲ್ಯದ ಸೊಪ್ಪಿನಲ್ಲಿ ಮುಳ್ಳುಮುಳ್ಳಾದ ಹುಳುಗಳು ಕಂಡವು. ಗಾಜಿನ ಬರಣಿಯಲ್ಲಿಟ್ಟು ಸಾಕಿದಳು. ಅವು ಚಿಟ್ಟೆಯಾದಾಗ ಗಂಡು ಕಪ್ಪು, ಹೆಣ್ಣು ಕೇಸರಿ. ಆದರೆ ಒಂದು ಚಿಟ್ಟೆ ಮಾತ್ರ ಅರ್ಧ ಗಂಡು, ಅರ್ಧ ಹೆಣ್ಣಾಗಿ ಹೊರಬಂತು. ಎಡಗಡೆಯ ರೆಕ್ಕೆಗಳು ಕಪ್ಪು, ಬಲಗಡೆಯವು ಕೇಸರಿ. ಅಂಥದ್ದು ಸಾವಿರಾರಲ್ಲಿ ಒಂದು ಎಂದು ಅವಳು ಓದಿದ್ದಳು.

"ಅಲ್ಲಾನ ಕುದರತ್ ನೋಡಬೇ," ಎಂದಳು ತಾಯಿ ಖಾಸೀಂಬಿ.

ಜೀನತಳ ತಲೆಯಲ್ಲಿ ಆಗ ಇದ್ದದ್ದು ರಾಯರು. ಆ ಚಿಟ್ಟೆ ಕೋಶ ಒಡೆದು ಹೊರಬರುವುದನ್ನೆಲ್ಲ ವಿಡಿಯೊ ಮಾಡಿದ್ದಳು. ಒಂದು ಫೋಟೊವನ್ನು ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿಸಿ ರಾಯರೊಬ್ಬರಿಗೇ ಕಳಿಸಿದಳು. "ಇದು ಯಾವುದ್ರಿ ಸರ?"

"ಮಾಮೂಲಿ ಅದ. ಬಣ್ಣ ಹೋಗ್ಯಾದ. ಗ್ರೂಪಿನಾಗ ಹಾಕಬ್ಯಾಡ್ರಿ," ಎಂದು ಉತ್ತರ ಬಂತು. ಅವಳು ಅದನ್ನು ಎರಡು ಸಲ ಓದಿ ಫೋನು ಇಟ್ಟಳು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಮುಂದಿನ ತಿಂಗಳು ಜೇವರ್ಗಿಯಲ್ಲಿ ರಾಯರಿಗೆ ಸನ್ಮಾನ. ಪರದೆಯ ಮೇಲೆ ಅದೇ ಚಿಟ್ಟೆ ಬಂತು.

"ಸೊನ್ನದಾಗ ಎರಡು ತಾಸು ಕುಂತು ತೆಗದೇನಿ," ಎಂದರು ರಾಯರು. ಜನ ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಿಂದ ಜೀನತ ಎದ್ದು ನಿಂತಳು. "ಸರ, ಕಪ್ಪು ರೆಕ್ಕಿ ಯಾವ ಕಡಿ ಇದ್ದವ್ರಿ?"

"ಕಾಣಾಕತ್ತದಲ್ರಿ, ಬಲಗಡಿ."

"ಖರೇನ ನೋಡೀರಿ?"

"ನನ್ನ ಕಣ್ಣಾರೆ ನೋಡೀನಿ."

ಅವಳು ವೇದಿಕೆಗೆ ಹೋಗಿ ಸಣ್ಣ ಡಬ್ಬಿ ತೆರೆದಳು. ತನ್ನ ಆಯುಷ್ಯ ಮುಗಿಸಿ ಸತ್ತ ಚಿಟ್ಟೆ ಹತ್ತಿಯ ಮೇಲಿತ್ತು. ಕಪ್ಪು ಎಡಗಡೆಗಿತ್ತು. "ನಿಮಗ ಕಳಿಸಿದ ಫೋಟೊ ನಾನೇ ಎಡಬಲ ತಿರುಗಿಸಿದ್ದು," ಎಂದು ಆ ಸಂದೇಶವನ್ನೂ ತೋರಿಸಿದಳು. ಬರಣಿ, ಹುಳು, ಕೋಶ, ತಾರೀಖು ಎಲ್ಲ ಕಾಣುವ ವಿಡಿಯೊವನ್ನು ಅಲ್ಲೇ ಹಚ್ಚಿದಳು. ಕೊನೆಗೆ ಹಳೆಯ ಪತಂಗದ ಪೂರ್ತಿ ಫೋಟೊ, ಹಿಂದಿನ ಗೋಡೆಬರಹದ ಸಮೇತ ತೋರಿಸಿದಳು. ಸಭೆಯಲ್ಲಿ ಯಾರೂ ನಗಲಿಲ್ಲ. ಶಾಲು ಹೊದಿಸಬೇಕಾದವರು ಅದನ್ನು ಮಡಚಿಕೊಂಡು ಕುಳಿತರು.

ಹೊರಗೆ ರಾಯರು ಅವಳನ್ನು ತಡೆದರು. "ನನಗ ಒಬ್ಬಂಗೇ ಹೇಳಬಹುದಿತ್ತಲ್ರಿ ಸಿಸ್ಟರ್. ಎಲ್ಲಾರ ಮುಂದ ಹಿಂಗ ಮಾಡೂದಾ?"

"ನೀವು ನನಗ ಒಬ್ಬಾಕಿಗೇ ಅಂದಿದ್ರೇನ್ರಿ?"

ರಾಯರು ಹಾರ, ಶಾಲು ಯಾವುದೂ ಇಲ್ಲದೆ ಒಬ್ಬರೇ ಗೇಟಿನ ಕಡೆ ನಡೆದರು. ಅವಳು ಅದನ್ನು ಕಣ್ತುಂಬ ನೋಡಿದಳು. ಮುಂದೆ ಪಾಪ ಅನ್ನಿಸಬಹುದೇನೋ ಎಂದು ಬಸ್ಸಿನಲ್ಲಿ ಕಾದಳು. ಕಲಬುರಗಿ ಬಂದರೂ ಅನ್ನಿಸಲಿಲ್ಲ.

ಈಗ ಜನ ಫೋಟೊಗಳನ್ನು ಅವಳಿಗೇ ಕಳಿಸುತ್ತಾರೆ. ಹೋದ ಗುರುವಾರ ರಾಯರದೂ ಒಂದು ಬಂತು, ಕಂದು ಪತಂಗದ್ದು. "ಗೊತ್ತಾಗವಲ್ದು. ಹೇಳ್ತೀರೇನ್ರಿ ಮೇಡಂ?"

ನೋಡಿದ ಕೂಡಲೇ ಅವಳಿಗೆ ಹೆಸರು ಹೊಳೆಯಿತು. ಬರೆಯಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಲಸಿಕೆಗೆ ಬಂದ ಮುಂದಿನ ಕೂಸನ್ನು ಒಳಗೆ ಕರೆದಳು.